ಕೊಂದವನ ಹೆಸರು ಯಾವ ಮಹಡಿಯಲ್ಲಿ ಸಿಗುತ್ತದೆ?

ಅಪರಾಧ ತನಿಖಾ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ಮೊದಲು ನನ್ನ ತಪ್ಪೊಪ್ಪಿಗೆಯನ್ನು ದಾಖಲಿಸಿಕೊಳ್ಳಿ. ಕಳೆದ ವಾರ, ಹಾಡಹಗಲಲ್ಲಿ, ಸ್ವಸ್ಥ ಮನಸ್ಸಿನಿಂದ, ನಿಮ್ಮ ಕಚೇರಿಯ ಸೂಚನಾ ಫಲಕದಿಂದ ಸರ್ಕಾರಿ ಸ್ವತ್ತಾದ ಒಂದು ಹಾಳೆಯನ್ನೂ ಅದರ ಗುಂಡುಪಿನ್ನುಗಳನ್ನೂ ಕದ್ದಿದ್ದೇನೆ. ಪಿನ್ನುಗಳನ್ನು ಹಿಂದಿರುಗಿಸುತ್ತೇನೆ, ಚುಚ್ಚುವ ಕೆಲಸ ನಿಮಗೆ ಇದ್ದೇ ಇರುತ್ತದೆ. ಹಾಳೆಯನ್ನು ಕೊಡಲಾರೆ. ‘ಗುರುತು ಸಿಗದ ಮಹಿಳೆಯ ಶವ’ ಎಂಬ ತಲೆಬರಹದ ಕೆಳಗೆ ಇರುವುದು ನನ್ನ ಅಕ್ಕನ ಚಿತ್ರ. ಗುರುತು ಸಿಕ್ಕಿತೆಂದು ನೀವೇ ಪತ್ರಿಕೆಗಳಿಗೆ ಸಾರಿ ತಿಂಗಳಾದರೂ ಅವಳು ಅಲ್ಲಿ ನೇತಾಡುತ್ತಲೇ ಇದ್ದಳು. ಅವಳನ್ನು ಕೊಂದವರಾರೆಂದು ಕೇಳಲು ಬಂದಿದ್ದೆ. ಉತ್ತರ ಸಿಗಲಿಲ್ಲ, ಹಾಳೆ ಸಿಕ್ಕಿತು.

ಅಕ್ಕ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಳು. ಬೀದಿಯ ಅರ್ಧ ಜನರ ಕಣ್ಣು ಅವಳ ಕೈಯಲ್ಲಿತ್ತು. ಅವಳ ಕಣ್ಣು ಮಾತ್ರ ತೀರಾ ಮಂದ. ದಪ್ಪ ಕನ್ನಡಕವಿಲ್ಲದೆ ನಾವು ಅವಳನ್ನು ಕಂಡದ್ದಿಲ್ಲ. ಅವಳಂತೂ ನಮ್ಮನ್ನು ಕಂಡದ್ದೇ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಸಂಜೆ ಅಂಗಡಿಯಿಂದ ಹೊರಟವಳು ಮನೆ ಸೇರಲಿಲ್ಲ. ನಾವು ದೂರು ಕೊಟ್ಟೆವು. ಅದೇ ವಾರ ಹಳೆಯ ಗೋದಾಮಿನ ಹಿಂದಿನ ಹಳ್ಳದಲ್ಲಿ, ತಲೆಗೆ ಪೆಟ್ಟು ಬಿದ್ದು, ಮುಖ ಗುರುತು ಹಿಡಿಯಲಾಗದಂತೆ ಜಜ್ಜಿಹೋಗಿ ಸತ್ತ ಹೆಂಗಸೊಬ್ಬಳು ನಿಮಗೆ ಸಿಕ್ಕಳು. ಪಕ್ಕದಲ್ಲಿ ಬಿದ್ದಿದ್ದ ಕನ್ನಡಕವನ್ನು ಸಾಕ್ಷ್ಯವೆಂದು ಮೊಹರು ಮಾಡಿ ಒಂದು ಕೋಣೆಗೆ ಕಳಿಸಿದಿರಿ. ಮುಖವನ್ನು ಬರೆಯಲು ಚಿತ್ರಗಾರರನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿದಿರಿ. ನಡುವೆ ಒಂದೇ ಗೋಡೆ. ಮೂಗಿದ್ದ ಕಡೆ ಕನ್ನಡಕ ಇರಬಹುದೆಂಬ ಊಹೆ ಆ ಗೋಡೆಯನ್ನು ದಾಟಲಿಲ್ಲ. ಮೂವತ್ತು ದಾಟದ ಅಕ್ಕ ಚಿತ್ರದಲ್ಲಿ ನಲವತ್ತರ ಬರಿಗಣ್ಣಿನ ಹೆಂಗಸಾದಳು. ಆ ಚಿತ್ರವನ್ನಷ್ಟೇ ನಮಗೂ ತೋರಿಸಿದಿರಿ, ಕನ್ನಡಕವನ್ನಲ್ಲ. ಅಮ್ಮ ದಿಟ್ಟಿಸಿ ನೋಡಿ, ‘ಪಾಪ, ಯಾರ ಮಗಳೋ’ ಎಂದಳು.

ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿದ್ದನ್ನು ಕೇಳದ ಇಲಾಖೆ, ಈಚೆಗೆ ಡಿಎನ್‌ಎ ಪರೀಕ್ಷೆಗೆಂದು ಅದೇ ಬಾಯಿ ಬಿಡಿಸಿ ಹತ್ತಿಕಡ್ಡಿಯಲ್ಲಿ ಎಂಜಲು ತೆಗೆದು ಅದರ ಮಾತು ಕೇಳಿತು. ಎಂಜಲು ನಿಜ ಹೇಳಿತು. ‘ಮೃತಳಿಗೆ ಹೆಸರು ಮರಳಿ ಸಿಕ್ಕಿದೆ’ ಎಂದು ನೀವು ಪ್ರಕಟಣೆ ಹೊರಡಿಸಿದಿರಿ. ಅದನ್ನು ಓದಿ ಹೇಳಿದಾಗ ಅಮ್ಮ ಅಳಲಿಲ್ಲ.

“ಆ ಹೆಸರು ಇಟ್ಟೋಳು ನಾನು ಕಣೋ. ಅದನ್ನ ಅವ್ರು ನಂಗೆ ಹೇಳ್ಬೇಕಾ? ಕೊಂದೋನ ಹೆಸರು ಕೇಳ್ಕೊಂಡು ಬಾ, ಹೋಗು.”

ಹೋದೆ. ಕೆಳ ಮಹಡಿಯ ಗುರುತು ಪತ್ತೆ ವಿಭಾಗದ ಗುಮಾಸ್ತರು ಸಜ್ಜನರು. ಕುರ್ಚಿಯನ್ನು ಒರೆಸಿ ಕೊಟ್ಟರು. “ಗುರುತು ಸಿಕ್ತಲ್ಲ ಸಾರ್, ನಮ್ದು ಮುಗೀತು. ಕೊಲೆ ಅಂದ್ರೆ ಮೇಲ್ಗಡೆ,” ಎಂದರು. ಸತ್ತವರ ಹೆಸರು ತಿಳಿಯದ ಕಾರಣ ಕೊಲೆಯ ತನಿಖೆ ಎಂದೋ ಮುಗಿದಿದೆ, ಮತ್ತೆ ತೆರೆಯಲು ಕೆಳಗಿನವರು ಬರೆಯಬೇಕು ಎಂದರು ಮೇಲಿನವರು. ಮುಗಿದ ಕಡತದಿಂದ ಬರೆಯಲು ಬರುವುದಿಲ್ಲ ಎಂದರು ಕೆಳಗಿನವರು. ಹೆಸರಿಲ್ಲವೆಂದು ಮುಚ್ಚಿದ್ದು ಮೇಲೆ, ಹೆಸರು ಸಿಕ್ಕಿತೆಂದು ಮುಚ್ಚಿದ್ದು ಕೆಳಗೆ, ನಡುವಿನ ಮೆಟ್ಟಿಲ ಮೇಲೆ ನಾನು. ಅಲ್ಲ ಸ್ವಾಮಿ, ಹೆಸರಿದ್ದರೂ ಇಲ್ಲದಿದ್ದರೂ ಕೊಂದವನು ಕ್ಷೇಮ ಎಂಬುದು ಯಾವ ಸೀಮೆಯ ಕಾನೂನು? ನೀವು ಕಂಡುಹಿಡಿದದ್ದು ಅವಳ ಹೆಸರನ್ನಲ್ಲ, ನಮ್ಮ ಮನೆಯ ವಿಳಾಸವನ್ನು. ಅದು ನಮ್ಮ ದೂರಿನಲ್ಲೇ ಇತ್ತು.

ಕನ್ನಡಕದ ಅಂಗಡಿಯ ಯಜಮಾನರು ಇನ್ನೂ ಇದ್ದಾರೆ. ಆ ಸಂಜೆ ಅಂಗಡಿಯೆದುರು ಸ್ಕೂಟರು ನಿಲ್ಲಿಸಿಕೊಂಡು ಅಕ್ಕನಿಗಾಗಿ ಕಾದವನ ಮುಖ ನೆನಪಿದೆ ಎನ್ನುತ್ತಾರೆ. ಅಂದಿನಿಂದ ಇಂದಿನವರೆಗೆ ಇಲಾಖೆಯ ಒಂದು ನರಪಿಳ್ಳೆಯೂ ಅವರನ್ನು ಕೇಳಿಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ನೆನಪಿಗೂ ಪೊರೆ ಬರುವ ತನಕ ಕಾಯುತ್ತಿದ್ದೀರಾ?

ಆದ್ದರಿಂದ ಕೇಳಿ. ಕೊಲೆಯ ತನಿಖೆಯನ್ನು ಮತ್ತೆ ತೆರೆಯಿರಿ. ಯಾರು ನಡೆಸುತ್ತಾರೆಂದು ಬರೆದು ಕೊಡಿ. ಸೋಮವಾರದೊಳಗೆ ಆ ಯಜಮಾನರ ಹೇಳಿಕೆ ಪಡೆಯಿರಿ. ಇಲ್ಲವಾದರೆ ಅಮ್ಮನೂ ನಾನೂ ಬಂದು ನಿಮ್ಮ ಮೆಟ್ಟಿಲ ನಟ್ಟನಡುವೆ ಕೂರುತ್ತೇವೆ. ಮೇಲಿನವರೂ ಕೆಳಗಿನವರೂ ನಮ್ಮನ್ನು ದಾಟಿಯೇ ಓಡಾಡಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥವರ ಬೆವರಿಳಿಸಿದ ನಾಲಿಗೆ ನನ್ನದು. ನಿಮ್ಮ ಮುಖಕ್ಕೆ ಮುಖ ಕೊಟ್ಟು ಕೇಳುತ್ತೇನೆ.

ಹೀಗೆಂದಾಗ ನೀವು ನಗುವಿರೆಂದು ಬಲ್ಲೆ. ಗುರುತಿನ ಪ್ರಮಾಣಪತ್ರವನ್ನು ನೀವೇ ನನ್ನ ಕೈಗಿತ್ತ ದಿನ ಇದೇ ಪ್ರಶ್ನೆಯನ್ನು ಬಸ್ಸಿನುದ್ದಕ್ಕೂ ಉರುಹೊಡೆದು ಬಂದಿದ್ದೆ. ನೀವು ಹೆಗಲ ಮೇಲೆ ಕೈಯಿಟ್ಟು, “ಈಗ ಸಮಾಧಾನ ಆಯ್ತಾ?” ಎಂದಿರಿ. ನಾನು ನಡು ಬಗ್ಗಿಸಿ, “ಆಯ್ತು ಸಾರ್, ತುಂಬಾ ಉಪಕಾರ ಆಯ್ತು,” ಎಂದೆ. ಮರುದಿನದ ಪತ್ರಿಕೆಯಲ್ಲಿ ನಿಮ್ಮ ಪಕ್ಕ ಹಲ್ಲುಕಿರಿದು ನಿಂತವನು ನಾನೇ. ಆ ಫೋಟೊವನ್ನು ಅಮ್ಮನೂ ನೋಡಿದ್ದಾಳೆ. ಹಾಗಾಗಿ ಸೋಮವಾರ ಮಾತಾಡುವವಳು ಅವಳು. ನನಗೆ ಕೈಚೀಲ ಹಿಡಿದುಕೊಳ್ಳುವ ಕೆಲಸ ಕೊಟ್ಟಿದ್ದಾಳೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಸಮಾಧಾನಗೊಂಡಿರುವ,
ಅವಳ ತಮ್ಮ