ಕಂಬಳಿ ಹಾಸಿದ ಮೇಲೆ

ಚಿತ್ರದುರ್ಗ, ಸೋಮವಾರ

ಚಿತ್ತಪ್ಪಣ್ಣನಿಗೆ ತಂಗಿ ಓಬವ್ವನ ನಮಸ್ಕಾರ. ಇಂದು ಒಪ್ಪತ್ತು. ಮಗಳು ದೀಪಾಳ ಹಾಸ್ಟೆಲ್ ಕೋಣೆ ಗುಡಿಸಿ, ಮಿಂದು, ಊದುಬತ್ತಿ ಹಚ್ಚಿ ಬರೆಯಲು ಕೂತೆ.

ನಮ್ಮ ಹಟ್ಟಿದೇವರ ಪದಗಳ ಮೇಲೆ ಸಂಶೋಧನೆ ಮಾಡಲು ಅವಳು ಫೆಲೋಶಿಪ್ ಕೇಳಿದ್ದಳಲ್ಲ, ಶನಿವಾರ ಅದರ ಸಂದರ್ಶನವಾಯಿತು. ಒಂದು ಪದ ಹೇಳಿರೆಂದು ನನ್ನನ್ನೂ ಒಳಗೆ ಕರೆದರು.

"ಕುರ್ಚಿ ಮ್ಯಾಲೆ ಕುಂತು ದೇವರ ಪದ ಹೇಳಬಾರ್ದು ಸ್ವಾಮಿ, ಕಂಬಳಿ ಹಾಸ್ಬೇಕು" ಎಂದುಬಿಟ್ಟೆ. ದೀಪಾ ಬೆವತುಹೋದಳು. ಆದರೆ ಐದು ಜನ ಪ್ರೊಫೆಸರರೂ ಬೂಟು ಚಪ್ಪಲಿ ಕಳಚಿಟ್ಟು, ನಾನು ಹಾಸಿದ ಕರಿ ಕಂಬಳಿಯ ಸುತ್ತ ಬರೀ ನೆಲಕ್ಕೆ ಕುಳಿತರಣ್ಣ! ಪದ ಮುಗಿಯುವತನಕ ಒಬ್ಬರೂ ಮಿಸುಕಲಿಲ್ಲ.

ಆಮೇಲೆ ಒಬ್ಬ ಮೇಡಂ, "ಇದನ್ನ ಬರ್ಕಳಕ್ಕೆ ಯಾರನ್ನ ಕೇಳ್ಬೇಕವ್ವಾ?" ಎಂದರು.

"ಪೂಜಾರಿ ನಮ್ಮಣ್ಣ. ಈಗ ಕುರಿ ಹಿಂದೆ ಇರ್ತಾನೆ."

"ಹಂಗಾರೆ ಅವರು ಒಪ್ಲಿ, ಆಮೇಲೆ ನಿಮ್ಮ ಮಗಳಿಗೆ ಫೆಲೋಶಿಪ್ ಕೊಡಾಣ."

ಅಷ್ಟು ಓದಿದವರು ನಿನ್ನ ಮಾತಿಗೆ ಶುಕ್ರವಾರದವರೆಗೆ ಕಾಯುತ್ತಾರಂತೆ. ದೀಪಾಳಿಗೆ ಊಟ ಸೇರುತ್ತಿಲ್ಲ. ನನ್ನ ಮಂಡಿನೋವು ಪರವಾಗಿಲ್ಲ.

ದೇವರ ಮುಂದೆ ಹೂ ಇಟ್ಟು ಕೇಳು. ಹೂಂ ಆಗಲಿ, ಊಹೂಂ ಆಗಲಿ, ಚೀಟಿ ಬರೆದಿಡು. ಅಂಚೆಗೆ ಹಾಕಿದರೆ ತಡವಾಗುತ್ತದೆ. ಈ ಕಾಗದ ತಂದುಕೊಡುವ ರಂಗೇಶ ಗುರುವಾರ ಬಾಗೂರಿನಿಂದ ಇಲ್ಲಿಗೆ ವಾಪಸು ಬರುತ್ತಾನೆ; ಹಟ್ಟಿಗೆ ಬಂದು ಚೀಟಿ ಇಸಕೊಂಡು ಬರಲು ಅವನಿಗೆ ಹೇಳು.