ನಳಿಗೆಯೊಳಗಿನ ಚೆಂಡುಹೂ

ಅಪ್ಪಾರಿಗೆ,

ನಾರಾಯಣಗೂಡದ ಹಾಸ್ಟೆಲಿನಿಂದ ಶಿವಗಂಗಾಳ ನಮಸ್ಕಾರ.

ನೀವು ಹೋದ ವರ್ಷ ಕೊಂಡ ಹಳೆಯ ಮದ್ದಿನ ಬಂದೂಕನ್ನು ಇಲ್ಲಿ ಬಂದೂಕು ರಿಪೇರಿ ಮಾಡುವ ಬೀದರ ಕಡೆಯ ಉಸ್ತಾದರಿಗೆ ತೋರಿಸಿದೆ. ಕಟ್ಟಿಕೊಂಡಿರುವ ನಳಿಗೆಯನ್ನು ಬಿಡಿಸಲು ನೀವು ಕೆಂಡದ ಮೇಲಿಡಬೇಕೆಂದಿದ್ದಿರಿ ಎಂದಾಗ ಅವರು ಹೌಹಾರಿದರು. ನನ್ನನ್ನು ಹೊರಗೆ ಕಳಿಸಿ, ಒಳಗಿದ್ದದ್ದನ್ನೆಲ್ಲ ಮೊದಲು ನೆನೆಸಿ, ಆಮೇಲೆ ತೆಗೆದರು.

ಮೇಲಿದ್ದವು ಆಯುಧಪೂಜೆಯಲ್ಲಿ ಅವ್ವ ನಳಿಗೆಯ ಬಾಯಿಗೆ ತುರುಕಿದ್ದ ಚೆಂಡುಹೂಗಳು. ಅವುಗಳ ಕೆಳಗೆ, ಮಾರಿದವರು ತೆಗೆಯದೇ ಕೊಟ್ಟಿದ್ದ ಮದ್ದು, ಗುಂಡು!

"ಹೂವು ಅಡ್ಡ ಇರಲಿಲ್ಲಂದ್ರ ನಿಮ್ಮಪ್ಪಾರು ಇದರ ಮ್ಯಾಲ ಮತ್ತ ಮದ್ದು ತುಂಬತಿದ್ರು. ನಳಗಿ ಅವರ ಮಾರಿಗೇ ಸಿಡೀತಿತ್ತಮ್ಮಾ" ಎಂದರು ಉಸ್ತಾದರು.

ಪರೀಕ್ಷೆ ಮುಗಿದರೆ ದಸರಾಕ್ಕೆ ಬಂದೂಕು ತರುತ್ತೇನೆ. ಈ ಸಲ ಹೂವನ್ನು ಹಿಡಿಕೆಗೆ ಕಟ್ಟೋಣ. ಬಂದೂಕು ಕೆಡಿಸಿದಳೆಂದು ಅವ್ವನ ಜೊತೆ ಮಾತು ಬಿಟ್ಟಿದ್ದೀರಲ್ಲ, ಮೊದಲ ಹೂವನ್ನು ನೀವೇ ಆಕೆಗೆ ಮುಡಿಸಿರಿ.

ನಿಮ್ಮ ಮಗಳು,
ಶಿವಗಂಗಾ