ಅದೇ ಬಟ್ಟೆಯ ಮಾಸ್ಕು

ಅಂಗಡಿಯ ಒಳಕೋಣೆ
ಬುಧವಾರ, ಹದಿನಾಲ್ಕನೆಯ ತಾರೀಕು, ಮಧ್ಯಾಹ್ನ

ಇವಳೇ,

ಕಾಲರ್ ಸರಿಯಾಗಿ ಕೂತಿಲ್ಲ ಎಂದೆನೋ, ಕಾಲರ್ ಎಡಕ್ಕೆ ಎಳೆಯುತ್ತಿದೆ ಎಂದೆನೋ, ಈಗ ಖಚಿತವಾಗಿ ಹೇಳಲಾರೆ. ಎರಡರಲ್ಲಿ ಒಂದನ್ನು ಹೇಳಿದ್ದು ನಿಜ. ನೀನು ಕೇಳಿದ್ದು ಬೇರೆ ಎಂಬುದೂ ನಿಜ. ಆ ವಿಷಯಕ್ಕೆ ಬರುತ್ತೇನೆ, ಮೊದಲು ಆರೋಗ್ಯ. ಹಲ್ಲು ಹೇಗಿದೆ? ಕಟ್ಟಿಸಿದ ಹಲ್ಲಿಗೆ ಏನೂ ಆಗುವುದಿಲ್ಲ, ತಣ್ಣೀರು ಕುಡಿದರೆ ಪಕ್ಕದ ಹಲ್ಲು ಜುಮ್ಮೆನ್ನುತ್ತದೆ ಎಂದು ನಮ್ಮಲ್ಲಿ ಗುಂಡಿಗೆ ಕಾಜಾ ಹೊಲಿಯುವವಳು ಹೇಳಿದಳು. ಮಂಡಿ ಹೇಗಿದೆ? ಮೆಟ್ಟಿಲು ಹತ್ತುವುದು ಕಡಿಮೆ ಮಾಡು ಎಂದು ಬರೆಯುವವನಿದ್ದೆ. ಮೆಟ್ಟಿಲಿನ ವಿಷಯವೂ ಮುಂದೆ ಇದೆ. ನಾನು ಚೆನ್ನಾಗಿದ್ದೇನೆ. ಮಗಳು ಚೆನ್ನಾಗಿದ್ದಾಳೆ, ಇದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ತಪ್ಪು ತಿಳಿಯಬೇಡ. ಇಪ್ಪತ್ತಾರು ವರ್ಷ ‘ಇವಳೇ’ ಎಂದು ಕರೆದವನು ಕಾಗದದಲ್ಲಿ ಬೇರೆ ಹೆಸರು ಹಿಡಿದರೆ ನಿನಗೆ ಮೊದಲು ಬರುವುದು ಸಂಶಯ. ಸಂಶಯ ನನ್ನ ಪಾಲಿನದು, ಅದನ್ನು ನಿನಗೇಕೆ ಹಂಚಲಿ.

ಅಂಗಡಿಯ ಸುದ್ದಿ ಏನೆಂದರೆ ಮಾಸ್ಕು. ಕಾಯಿಲೆ ಹೋಗಿ ಎಷ್ಟು ಕಾಲವಾಯಿತು. ಆಗ ಬೈದುಕೊಂಡು ಕಟ್ಟಿಕೊಂಡವರೇ ಈಗ ಹೇಳಿ ಹೊಲಿಸುತ್ತಿದ್ದಾರೆ. ಉಡುಪು ಯಾವ ಬಟ್ಟೆಯೋ ಮಾಸ್ಕೂ ಅದೇ ಬಟ್ಟೆ. ಅಂಚಿಗೆ ಲೇಸು ಬೇಕು, ಮೂಗಿನ ಮೇಲೆ ನೆರಿಗೆ ಬೇಕು, ಎಲಾಸ್ಟಿಕ್ ಬೇಡ ಲಾಡಿಯೇ ಬೇಕು, ಲಾಡಿಯ ತುದಿಗೆ ಮಣಿ ಬೇಕು. ಬ್ಯಾಂಕಿನ ಮೇಡಂ ಬೂದು ಕೋಟಿಗೆ ಬೂದು ಮಾಸ್ಕು ಹೇಳಿ ಒಳಗೆ ಕೆಂಪು ಅಸ್ತರು ಹಾಕಿಸಿದರು. ಒಳಗಿನ ಕೆಂಪು ಯಾರಿಗೆ ಕಾಣುತ್ತದೆ ಎಂದು ಕೇಳಿದೆ. ‘ನಂಗೊತ್ತಿರುತ್ತಲ್ಲ ಮಾಸ್ಟ್ರೇ, ಅಷ್ಟು ಸಾಕು’ ಎಂದರು. ಆ ಮಾತು ನನಗೆ ಹಿಡಿಸಲಿಲ್ಲ, ಎರಡು ದಿನ ಬಿಡಲೂ ಇಲ್ಲ. ಬಟ್ಟೆ ಇರುವುದು ಮುಚ್ಚುವುದಕ್ಕೂ ಹೌದು, ತೋರಿಸುವುದಕ್ಕೂ ಹೌದು, ನನ್ನ ಕಸುಬೇ ಅದು. ಆದರೆ ಮುಖವನ್ನು ಮುಚ್ಚಿ ಆ ಮುಚ್ಚಳವನ್ನೇ ಒಡವೆ ಎಂದು ತೋರಿಸುವುದು ಯಾವ ನ್ಯಾಯ? ಮಗಳ ಕನ್ನಡಕದ ಅಂಗಡಿಯಲ್ಲಂತೂ ಕೆಲಸದ ಹುಡುಗಿಯರೆಲ್ಲ ಮಾಸ್ಕಿನಲ್ಲೇ ನಿಲ್ಲಬೇಕೆಂದು ಯಜಮಾನನ ಕಟ್ಟಪ್ಪಣೆ. ಕಣ್ಣು ಮಾತ್ರ ಕಂಡರೆ ಗಿರಾಕಿ ಕನ್ನಡಕವನ್ನೇ ನೋಡುತ್ತಾನೆ ಎಂಬುದು ಅವನ ಸಿದ್ಧಾಂತ. ‘ಗಿರಾಕಿಗಳೂ ಮಾಸ್ಕಲ್ಲೇ ಬರ್ತಾರೆ, ಉಸಿರಿಗೆ ಗಾಜೆಲ್ಲ ಮಂಜಾಗತ್ತಪ್ಪಾ, ಬಂದೋರು ಕಣ್ಣು ಕೆಟ್ಟಿದೆ ಅಂತ ಹೆದರ್ಕೊಂಡು ಎರಡೆರಡು ತಗೋತಾರೆ’ ಎಂದು ಮಗಳು ನಗುತ್ತಾಳೆ. ನಗುತ್ತಾಳೆ ಎಂದುಕೊಂಡಿದ್ದೇನೆ. ಮಾಸ್ಕಿನ ಹಿಂದೆ ನಗುವೋ ಅಣಕವೋ, ಯಾರು ಕಂಡರು.

ನಿನ್ನ ಮೇಲೂ ಹೀಗೇ ಸಂಶಯಪಟ್ಟೆ. ಹಿಂದಿನ ಮೂರು ಕಾಗದಗಳಲ್ಲಿ ಇದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ: ಯಂತ್ರದ ಬೆಲ್ಟು ಹರಿದದ್ದು, ಪಕ್ಕದವರು ಗೋಡೆಗೆ ಹಸಿರು ಬಳಿದದ್ದು. ಗಿರಾಕಿಗಳಿಗೆ ಮಾತ್ರ ಎಂದು ಮಾಸ್ಕು ಹೊಲಿಯುತ್ತಿದ್ದವಳು ಒಂದು ದಿನ ನೀನೂ ಹಾಕಿಕೊಂಡೆ. ಹಸಿರಿಗೆ ಹಸಿರು, ಚೌಕಳಿಗೆ ಚೌಕಳಿ. ಮನೆಯೊಳಗೂ ಬಿಚ್ಚಲಿಲ್ಲ. ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟೆ, ಮೊದಲೇ ಆಯಿತು ಎನ್ನುತ್ತಿದ್ದೆ. ಮಂಗಳವಾರ ನಾಲ್ಕಕ್ಕೆ ಹೊರಟರೆ ಆರಕ್ಕೆ ಬರುತ್ತಿದ್ದೆ, ಹೊರಡುವ ಮುಂಚೆ ಕನ್ನಡಿಯ ಮುಂದೆ ಎರಡು ಸಲ ಮಾಸ್ಕು ಬದಲಾಯಿಸುತ್ತಿದ್ದೆ. ‘ಹಲ್ಲಿನ ಡಾಕ್ಟ್ರ ಹತ್ರ’ ಎಂದೆ. ಬಾಯಿ ತೆರೆಯಬೇಕಾದ ಕಡೆಗೆ ಹೋಗುವವಳಿಗೆ ಬಾಯಿ ಮುಚ್ಚುವ ಅಲಂಕಾರ ಏಕೆ ಎಂದು ನಾನು ಮನಸ್ಸಿನೊಳಗೇ ವಕೀಲನಾದೆ. ಕೊನೆಗೆ ಒಂದು ಮಧ್ಯಾಹ್ನ, ಯಾರಿಗಾಗಿ ಇದೆಲ್ಲ ಎಂದು ಕೇಳಿಯೇಬಿಟ್ಟೆ. ನೀನು ಮಾಸ್ಕು ಬಿಚ್ಚಿ ಕಿಟಕಿಯ ಬೆಳಕಿಗೆ ಬಂದು ನಿಂತೆ. ‘ಸರಿಯಾಗಿ ನೋಡ್ರೀ. ಏನಾದ್ರೂ ಬದಲಾಗಿದ್ಯಾ?’ ನಾನು ನೋಡಿದೆ. ಮುಂದಿನ ಹಲ್ಲು ಬಿದ್ದು ಐದು ವಾರವಾಗಿತ್ತು, ಆ ಜಾಗಕ್ಕೆ ಹೊಸದು ಬಂದು ಎರಡು ದಿನವಾಗಿತ್ತು. ನನಗೆ ಕಂಡದ್ದು ಕಾಲರ್. ಬಿದ್ದ ಹಲ್ಲನ್ನು ನನಗೆ ಕಾಣದಿರಲಿ ಎಂದು ನೀನು ಮುಚ್ಚಿಟ್ಟಿದ್ದೆ ಎಂದು ಮಗಳು ಆಮೇಲೆ ಹೇಳಿದಳು. ಮುಚ್ಚಿಡುವ ಅಗತ್ಯವೇ ಇರಲಿಲ್ಲ ಎಂಬುದು ನಿನಗೆ ಆ ಕಿಟಕಿಯ ಬಳಿ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ‘ಅಕ್ಕನ ಊರಿಗೆ ಹೋಗ್ತೀನಿ, ಸ್ವಲ್ಪ ದಿನ’ ಎಂದು ಹೊರಟೆ. ನಾಲ್ಕು ತಿಂಗಳಾಯಿತು.

ನೀನು ಹೋದ ಮೇಲೆ ಅಂಗಡಿ ಕುಂಟತೊಡಗಿತು. ಇಷ್ಟು ವರ್ಷ ನೀನು ಪರದೆಯ ಆಚೆ ಹೆಂಗಸರ ಅಳತೆ ತೆಗೆದು ಕೂಗುತ್ತಿದ್ದೆ, ನಾನು ಈಚೆ ಕೂತು ಬರೆದುಕೊಳ್ಳುತ್ತಿದ್ದೆ. ನಿನ್ನ ಜಾಗಕ್ಕೆ ಕಾಜಾದವಳನ್ನು ನಿಲ್ಲಿಸಿದೆ. ಅವಳಿಗೆ ಟೇಪು ಹಿಡಿಯಲು ಬರುತ್ತದೆ, ಅಳತೆ ಬರುವುದಿಲ್ಲ. ‘ಉಸಿರು ಬಿಡಿ, ಉಸಿರು ಬಿಡಿ’ ಎಂದು ಅವರನ್ನು ಸುಸ್ತು ಮಾಡಿ ಸೊಂಟಕ್ಕೂ ಕಂಕುಳಿಗೂ ಎರಡೆರಡು ಇಂಚು ಕಡಿಮೆ ಕೂಗುತ್ತಾಳೆ. ಟೀಚರಮ್ಮ ಹೊಸ ಉಡುಪು ಹಾಕಿಕೊಂಡು ಪಾಠ ಮಾಡಲು ಹೋಗಿ ಕಪ್ಪು ಹಲಗೆಯ ಮೇಲ್ತುದಿಗೆ ಕೈ ಎತ್ತಲಾರದೆ ಕೆಳಗೆ ಕೆಳಗೇ ಬರೆದರಂತೆ. ಬರುವವರು ಕಡಿಮೆಯಾದರು. ಆಗ ಮಗಳು ಬಟ್ಟೆಗಳನ್ನು ತರತೊಡಗಿದಳು, ಜೊತೆಗೆ ಅವಳದೇ ಅಕ್ಷರದಲ್ಲಿ ಅಳತೆಯ ಚೀಟಿ. ‘ನಮ್ಮಂಗಡಿ ಫ್ರೆಂಡ್ಸ್‌ದು ಅಪ್ಪಾ, ಉಡುಪು, ಅದೇ ಬಟ್ಟೆಲಿ ಮಾಸ್ಕು.’ ಅವಳ ಅಂಗಡಿಯಲ್ಲಿ ಇರುವುದು ನಾಲ್ಕು ಹುಡುಗಿಯರು. ಬಂದದ್ದು ಎರಡು ತಿಂಗಳಲ್ಲಿ ಹತ್ತೊಂಬತ್ತು ಉಡುಪು. ಇವರೇನು ಗಂಟೆಗೊಂದು ಬದಲಾಯಿಸುತ್ತಾರೆಯೇ ಎಂದು ಕೇಳಿದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮಗಳು ತನ್ನ ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡಳು.

ಮೂರು ವಾರದ ಹಿಂದೆ ಒಂದು ಚೀಟಿ ಬಂತು. ನೀಲಿ ಬಟ್ಟೆ, ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕಿ. ಎಡ ಭುಜ ಬಲಕ್ಕಿಂತ ಅರ್ಧ ಇಂಚು ತಗ್ಗು ಎಂದು ಬರೆದಿತ್ತು. ನನ್ನ ಕತ್ತರಿ ಅಲ್ಲೇ ನಿಂತಿತು. ನಿನ್ನ ಎಡ ಭುಜ ಅರ್ಧ ಇಂಚು ತಗ್ಗು. ಇಪ್ಪತ್ತಾರು ವರ್ಷದಿಂದ ಕತ್ತರಿಸುತ್ತಿದ್ದೇನೆ, ಕಣ್ಣು ಕಟ್ಟಿದರೂ ಹೇಳುತ್ತೇನೆ. ಕೆಳಗೆ ಮಾಸ್ಕಿನ ಅಳತೆ: ಮೂಗಿನಿಂದ ಗದ್ದಕ್ಕೆ ಐದೂಕಾಲು. ಅದು ನಿನ್ನದೋ ಅಲ್ಲವೋ ಹೇಳಲು ನನ್ನಿಂದ ಆಗಲಿಲ್ಲ. ಹೆಂಡತಿಯ ಭುಜ ಗೊತ್ತು, ಮೂಗು ಗೊತ್ತಿಲ್ಲ. ಆದರೂ ತೀರ್ಮಾನ ಮಾಡಿದೆ. ನೀನು ಅಕ್ಕನ ಊರಿನಲ್ಲಿಲ್ಲ, ಇಲ್ಲೇ ಎಲ್ಲೋ ಇದ್ದೀಯ, ನನ್ನ ಕೈಯಿಂದಲೇ ಮಾಸ್ಕು ಹೊಲಿಸಿಕೊಂಡು ನನ್ನ ಅಂಗಡಿಯ ಮುಂದೆಯೇ ಗುರುತು ಸಿಗದೆ ಓಡಾಡಬೇಕೆಂದಿದ್ದೀಯ. ಹೊಲಿದು ಕೊಟ್ಟೆ. ಆ ದಿನದಿಂದ ಬೀದಿಯ ಮಾಸ್ಕುಗಳೆಲ್ಲ ನೀನೇ ಆದೆ. ಬಾಗಿಲಲ್ಲಿ ನಿಂತು ಹೋಗುವವರ ಕಣ್ಣು ನೋಡುವುದೇ ಕೆಲಸವಾಯಿತು. ಒಬ್ಬಾಕೆ ‘ಏನ್ರೀ ಹಾಗೆ ನೋಡ್ತೀರ?’ ಎಂದು ಗದರಿದಳು. ಬಟ್ಟೆ ನೋಡುತ್ತಿದ್ದೆ ತಾಯಿ ಎಂದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಸುಳ್ಳಾಗಿತ್ತು.

ಮೊನ್ನೆ ಸೋಮವಾರ ಬಸ್ ನಿಲ್ದಾಣದಲ್ಲಿ ಆ ನೀಲಿ ಕಂಡಿತು. ಉಡುಪು, ಮಾಸ್ಕು, ತಗ್ಗಿದ ಎಡ ಭುಜ. ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಓಡಿದೆ. ‘ಏ ಇವಳೇ, ನಿಂತ್ಕೊಳ್ಳೇ!’ ಎಂದು ಎಲ್ಲರೆದುರು ಕೂಗಿದೆ. ಅವಳು ತಿರುಗಿ ಮಾಸ್ಕು ಕೆಳಗೆಳೆದಳು. ಮೂವತ್ತು ದಾಟದ ಮುಖ, ಯಾರೋ ಏನೋ. ‘ನಿಮ್ಮ ಇವಳು ನಾನಲ್ಲ ಮಾಸ್ಟ್ರೇ. ಇಲ್ಲೇ ನಿಲ್ಲಿಸಿ ಅಳತೆ ತಗೋತೀರೇನೋ ಅಂದ್ಕೊಂಡೆ’ ಎಂದಳು. ಬಸ್ಸಿಗೆ ನಿಂತವರೆಲ್ಲ ನಕ್ಕರು. ನೆಲ ಬಿರಿಯಲಿಲ್ಲ, ಬಸ್ಸೂ ಬರಲಿಲ್ಲ. ಆ ಉಡುಪು ನಾನೇ ಕತ್ತರಿಸಿದ್ದು, ಭುಜ ನೋಡಿ ಮೋಸಹೋದೆ ಎಂದು ತೊದಲಿದೆ. ಅವಳು ಅಂಚೆಯವಳಂತೆ. ಎಂಟು ವರ್ಷ ಎಡಗಡೆಗೆ ಚೀಲ ಹೊತ್ತು ಭುಜ ಇಳಿದಿದೆಯಂತೆ. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿ, ‘ಓ, ಹೊಲಿಗೆ ಅಂಗಡಿಯಿಂದ ಬರೋ ಆ ಕಾಗದಗಳು ನಿಮ್ಮವೇನಾ? ಅಮ್ಮನ ಅಕ್ಕನ ಊರಿಗೆ ಹೋಗಿ, ವಿಳಾಸ ತಿದ್ದಿಸ್ಕೊಂಡು ಮತ್ತೆ ನಮ್ಮೂರಿಗೇ ಬರ್ತಾವೆ. ಮೂರು ಮಹಡಿ ಹತ್ತಿ ಕೊಡೋಳು ನಾನು. ನಾಲ್ಕು ಬೀದಿ ನಡೆದು ನೀವೇ ಕೊಡಬಾರ್ದಾ?’ ಎಂದಳು. ನನಗೆ ಎಲ್ಲ ಗೊತ್ತಿದೆ ಎಂದುಕೊಂಡೇ ಉಳಿದದ್ದನ್ನೂ ಹೇಳಿದಳು. ಬೀಗದ ಅಂಗಡಿಯ ಮೇಲೆ ನಿನ್ನ ಕೋಣೆ, ಒಂದು ಕನ್ನಡಿ, ಒಂದು ಕುರ್ಚಿ, ಟೇಪು. ಹೊಲಿಗೆ ಯಂತ್ರ ಇಲ್ಲ. ‘ಹೊಲಿಯೋರು ಬೇರೆ ಇದಾರೆ, ಕೈ ಚೆನ್ನಾಗಿದೆ, ಕಣ್ಣು ಅಷ್ಟಕ್ಕಷ್ಟೆ ಅಂದ್ರು ಅಮ್ಮ.’

ಹಾಗಾದರೆ ಹತ್ತೊಂಬತ್ತು ಚೀಟಿಗಳ ಅಳತೆಯೂ ನೀನು ತೆಗೆದದ್ದೇ. ಎರಡು ಭುಜಗಳನ್ನು ಬೇರೆ ಬೇರೆ ಅಳೆಯುವವರು ಈ ಊರಿನಲ್ಲಿ ಇನ್ನಾರಿದ್ದಾರೆ, ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಭುಜ ಯಾರದೆಂದು ಯೋಚಿಸಿದೆ, ಟೇಪು ಹಿಡಿದ ಕೈ ಯಾರದೆಂದು ಯೋಚಿಸಲಿಲ್ಲ. ನೀನು ಕೂಗುವುದು ನಿಂತೇ ಇಲ್ಲ, ಪರದೆ ನಾಲ್ಕು ಬೀದಿಯಷ್ಟು ದಪ್ಪವಾಗಿದೆ ಅಷ್ಟೆ. ಇಷ್ಟಾದರೂ ಮನಸ್ಸು ತನ್ನ ಚಾಳಿ ಬಿಡುವುದಿಲ್ಲ. ಇದು ಕನಿಕರವೇ? ಅಂಗಡಿ ಮುಚ್ಚಿಹೋದೀತೆಂದು ಹಾಕುತ್ತಿರುವ ತುತ್ತೇ? ಅಥವಾ ಇವನಿಗೆ ಎಷ್ಟು ದಿನಕ್ಕೆ ತಿಳಿಯುತ್ತದೆ ನೋಡೋಣ ಎಂಬ ಪರೀಕ್ಷೆಯೇ? ಮಗಳನ್ನು ಕೇಳಿದೆ. ‘ಅಮ್ಮನ್ನೇ ಕೇಳಿ. ನಾನು ಬರೀ ಚೀಲ ಹೊರೋಳು’ ಎಂದಳು.

ನಿನ್ನೆ ಬೀಗದ ಅಂಗಡಿಯವರೆಗೂ ಬಂದಿದ್ದೆ. ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು ತೆಗೆದೆ. ನೀನು ಬಾಗಿಲು ತೆರೆಯುವುದಿಲ್ಲ ಎಂಬ ಹೆದರಿಕೆಯಲ್ಲ. ತೆರೆದು ಎದುರು ನಿಂತು, ಆಗ ಮತ್ತೆ ನನಗೆ ಕಾಲರೇ ಕಂಡರೆ? ಮೂರು ಮಹಡಿ ಹತ್ತಿ ಬಂದು ಅದನ್ನೇ ಹೇಳಿದರೆ? ಈ ಒಂದು ಸಂಶಯ ಮಾತ್ರ ನಿನ್ನ ಮೇಲಿನದಲ್ಲ. ಅದಕ್ಕೇ ಮೆಟ್ಟಿಲು ಹತ್ತದೆ ಬರೆಯುತ್ತಿದ್ದೇನೆ, ಆದರೆ ಈ ಕಾಗದ ಅಕ್ಕನ ಊರು ಸುತ್ತುವುದು ಬೇಡವೆಂದು ಅಂಚೆಗೆ ಹಾಕುತ್ತಿಲ್ಲ. ಹೊಲಿದು ಮಡಿಸಿಟ್ಟ ಬಟ್ಟೆಗಳ ಗಂಟಿನಲ್ಲಿಟ್ಟು ಮಗಳ ಕೈಗೆ ಕೊಡುತ್ತೇನೆ.

ತಣ್ಣೀರು ಕುಡಿಯಬೇಡ, ಉಗುರು ಬೆಚ್ಚಗೆ ಮಾಡಿಕೊ. ವಿಳಾಸ ತಿದ್ದಿ ತಿದ್ದಿ ಬೇಸತ್ತಿರುವ ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಅಂಚೆಯವಳಿಗೆ, ಬಲ ಭುಜಕ್ಕೂ ಒಂದಷ್ಟು ದಿನ ಚೀಲ ಹಾಕಿ ನೋಡಲು ಹೇಳು.

ಈಚೆ ಕೂತು ಬರೆದುಕೊಳ್ಳುವವನು,
ನಿನ್ನ ಇವರು

ಮರೆತದ್ದು: ಅಂಗಡಿಯ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮುಂದುವರಿಸುತ್ತೀರೋ ಬಿಡುತ್ತೀರೋ ಶುಕ್ರವಾರದೊಳಗೆ ಹೇಳಿ ಎಂದು ಕಟ್ಟಡದ ಯಜಮಾನ ಎರಡು ಸಲ ಬಂದುಹೋದ. ಹೂಂ ಎಂದಿಲ್ಲ, ಉಹೂಂ ಎಂದಿಲ್ಲ. ನೀನು ಒಪ್ಪಿದರೆ ಯಂತ್ರಗಳನ್ನು ಕಾಜಾದವಳ ಗಂಡ ನಿನ್ನ ಕೋಣೆಗೆ ಹೊತ್ತು ತರುತ್ತಾನಂತೆ. ಕತ್ತರಿಸುವ ಮೇಜಿನದೇ ಚಿಂತೆ, ಅದರ ಕಾಲು ಕಳಚಲು ಬರುವುದಿಲ್ಲ. ಓರೆ ಮಾಡಿ ಹಿಡಿದರೂ ಮೂವತ್ತೊಂದು ಇಂಚು ಬೇಕು. ನಿನ್ನ ಬಾಗಿಲಿನ ಅಗಲ ಎಷ್ಟು?